ಭಂಡಾರ ಮುಟ್ಟಿದವರು

ನಾಲ್ಕು ಜನ ಗಂಡಸರು ಸೇರಿ ದೇವರ ಭಂಡಾರ ಮುಟ್ಟಿ ಆಣೆ ಮಾಡಿದರು ಎಂದರೆ ನೀವು ಏನೆಂದುಕೊಳ್ಳುತ್ತೀರಿ? ಕುಡಿತ ಬಿಡುವ ಆಣೆ ಇರಬೇಕು, ಇಲ್ಲವೇ ಎಲೆಕ್ಷನ್‌ನಲ್ಲಿ ಇಂಥವನಿಗೇ ಓಟು ಎನ್ನುವ ಆಣೆ ಇರಬೇಕು ಎಂದುಕೊಳ್ಳುತ್ತೀರಿ. ನಮ್ಮ ಕಡೆ ಗುಡಿಯ ಅರಿಶಿನಪುಡಿಯಲ್ಲಿ ಕೈ ಇಡಿಸುವುದು ಇಂಥದ್ದಕ್ಕೇ. ಈ ನಾಲ್ವರು ಕೈ ಇಟ್ಟದ್ದು ಮೊಬೈಲಿನೊಳಗಿನ ಒಂದು ಕಾಯಿನ್ ಮಾರುವುದಿಲ್ಲ ಎಂದು. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಆ ಕಾಯಿನ್ ಸುದ್ದಿ ಮೊದಲ ಸಲ ಕೇಳಿದಾಗ ನಾನೂ ರೊಟ್ಟಿ ಬಡಿಯುವುದು ಬಿಟ್ಟು ನಕ್ಕಿದ್ದೆ.

ನಮ್ಮವರ ಹೆಸರು ಕಲ್ಲಿನಾಥ. ಆಳಂದದಲ್ಲಿ ಸುಟ್ಟ ಮೋಟರ್‌ಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇದೆ. ಉಳಿದ ಮೂವರು ಐಟಿಐಯಲ್ಲಿ ಅವರ ಜೊತೆ ಒಂದೇ ಬೆಂಚಿಗೆ ಕೂತವರು. ಭೂಸನೂರಿನ ಅಣ್ಣಾರಾಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಲಾರಿ ಇಟ್ಟಿದ್ದಾನೆ. ಅಫಜಲಪುರದ ಮಹಾದೇವಪ್ಪನದು ಗೊಬ್ಬರದ ಅಂಗಡಿ. ಜೇವರ್ಗಿಯ ದೌಲತರಾಯನದು ಮೊಬೈಲ್ ಅಂಗಡಿ. ಆ ಕಾಯಿನ್ ಎಂಬ ಶನಿಯನ್ನು ಮೊದಲು ತಂದವನು ದೌಲತರಾಯ. ಅದರ ಮೇಲೆ ಕಣ್ಣು ಹೊಡೆಯುವ ಒಂದು ನರಿಯ ಮುಖ ಇತ್ತು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಮ್ಮ ಮನೆಯಲ್ಲಿ ಅದು ನರಿ ಕಾಯಿನ್ ಎಂದೇ ಆಯಿತು.

ನರಿ ಏರುತ್ತಿದ್ದ ದಿನಗಳಲ್ಲಿ ಇವರ ಮುಖ ನೀವು ನೋಡಬೇಕಿತ್ತು. ವಾಟ್ಸಾಪ್‌ನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು. ಬೆಳಗ್ಗೆ ಎದ್ದ ಕೂಡಲೇ ಒಬ್ಬ ರಾಕೆಟ್ ಹಾಕುತ್ತಿದ್ದ, ಇನ್ನೊಬ್ಬ ಹುಲಿ ಹಾಕುತ್ತಿದ್ದ, ನಮ್ಮವರು ಕೈ ಮುಗಿದ ಚಿತ್ರ ಹಾಕುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗೂ ನರಿಯದೇ ಮಾತು. ಮೋಟರ್ ತಂದವನು ಮೋಟರ್ ಅಲ್ಲೇ ಮರೆತು, ಕಾಯಿನ್ ತೆಗೆದುಕೊಂಡು ಹೋದದ್ದೂ ಉಂಟು. ಯಾರಿಗೂ ಅದು ಏನು, ಯಾರು ಮಾಡಿದ್ದು, ಯಾಕೆ ಏರುತ್ತದೆ ಎಂಬುದು ಗೊತ್ತಿರಲಿಲ್ಲ. ಏರುತ್ತಿದೆ ಎಂಬುದು ಗೊತ್ತಿತ್ತು, ಪಕ್ಕದವನು ತೆಗೆದುಕೊಂಡಿದ್ದಾನೆ ಎಂಬುದು ಗೊತ್ತಿತ್ತು, ಅಷ್ಟೇ ಸಾಕಾಗಿತ್ತು. ದೌಲತರಾಯ ಹುಲಿ ಕಳಿಸಿದ ದಿನ ನಮ್ಮವರು ಊಟಕ್ಕೆ ಕೂತಾಗ ಹಾಡು ಗುನುಗುತ್ತಿದ್ದರು. ಅವನು ಏನೂ ಕಳಿಸದ ದಿನ ನನ್ನ ಪಲ್ಯದಲ್ಲಿ ಉಪ್ಪು ಕಡಿಮೆಯಾಗುತ್ತಿತ್ತು.

ನಗುತ್ತಾ ಇದ್ದ ನಾನು ನಗು ನಿಲ್ಲಿಸಿದ್ದು ನಮ್ಮ ಗಂಟೂ ಅದರೊಳಗಿದೆ ಎಂದು ಗೊತ್ತಾದ ದಿನ.

ನಮಗೆ ಒಬ್ಬಳೇ ಮಗಳು, ರಾಧಿಕಾ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ದೀಪಾವಳಿಯಲ್ಲಿ ಪಕ್ಕದ ಮನೆಯವರು ಪಟಾಕಿ ಸರ ಹಚ್ಚಿದಾಗ ಓಣಿಯ ಕೂಸುಗಳೆಲ್ಲ ಚೀರಿ ಎದ್ದರೆ ಇವಳು ನನ್ನ ತೊಡೆಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಳು. ಎಷ್ಟು ಶಾಂತ ಕೂಸು ಎಂದು ನಾನು ಬೀಗಿದ್ದೆ. ಆಮೇಲೆ ಸೊಲ್ಲಾಪುರದ ಡಾಕ್ಟರು ತಿಳಿಸಿ ಹೇಳಿದರು. ಕಿವಿಯ ಒಳಗೆ ಒಂದು ಮಷಿನ್ ಕೂಡಿಸುವ ಆಪರೇಷನ್ ಇದೆ, ಐದು ತುಂಬುವುದರೊಳಗೆ ಮಾಡಿಸಿದರೆ ಕೇಳುವುದೂ ಕಲಿಯುತ್ತಾಳೆ, ಮಾತೂ ಕಲಿಯುತ್ತಾಳೆ, ತಡವಾದಷ್ಟೂ ಕಷ್ಟ ಎಂದರು. ಸರ್ಕಾರದ ಯೋಜನೆಯಲ್ಲಿ ಹೆಸರು ಹಚ್ಚಿದೆವು. ಅಲ್ಲಿ ನಮ್ಮ ಮುಂದೆ ದೊಡ್ಡ ಸಾಲಿತ್ತು, ಮಗಳ ವಯಸ್ಸು ಸಾಲಿನಲ್ಲಿ ನಿಲ್ಲುವುದಿಲ್ಲವಲ್ಲ. ನಾನು ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕಿದೆ, ಅವರು ಮೋಟರ್ ಸುತ್ತಿದರು, ನನ್ನ ತವರಿನವರು ಕೊಟ್ಟ ಬಂಗಾರ ಹೋಯಿತು. ಹಾಗೆ ಕೂಡಿದ ಗಂಟು ಅದು.

ಅದನ್ನು ಅವರು ನರಿಯ ಬಾಯಿಗೆ ಯಾಕೆ ಇಟ್ಟರು? ದುರಾಸೆ ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡಲು ನನಗೆ ಆಗುವುದಿಲ್ಲ. ಆಪರೇಷನ್ ಆದಮೇಲೆ ಮಾತು ಕಲಿಸಲು ಎರಡು ಮೂರು ವರ್ಷ ಸೊಲ್ಲಾಪುರದಲ್ಲಿ ಮನೆ ಮಾಡಿ ಇರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಷಿನ್ನಿಗೆ ನಮ್ಮಲ್ಲಿ ಹಣವಿತ್ತು, ಮಾತಿಗೆ ಇರಲಿಲ್ಲ. ಎರಡಕ್ಕೂ ಆಗಲಿ ಎಂದು ಹಾಕಿದರು. ಹಾಕಿದ್ದು ಮೂರು ಪಟ್ಟು ಆದಾಗ ಸೊಲ್ಲಾಪುರದ ಓಣಿಗಳ ಹೆಸರು ಹೇಳಿ ಯಾವುದರಲ್ಲಿ ಮನೆ ಹಿಡಿಯೋಣ ಎಂದು ನನ್ನನ್ನೇ ಕೇಳುತ್ತಿದ್ದರು. ನಾನೂ ಮಾತು ಕಲಿಸುವ ಶಾಲೆಯ ಹತ್ತಿರ ಇರಲಿ ಎಂದೆ. ಆ ದಿನ ನಾನು ಬೈಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಶ್ರಾವಣದಲ್ಲಿ ನರಿ ಬೀಳತೊಡಗಿತು. ಆಗ ನಾನೊಂದು ವಿಚಿತ್ರ ಕಂಡೆ. ಇವರಿಗೆ ಬೆಲೆ ಬಿದ್ದದ್ದಕ್ಕಿಂತ ಒಬ್ಬರ ಮೇಲೆ ಒಬ್ಬರಿಗೆ ಹೆದರಿಕೆ ಜಾಸ್ತಿಯಾಯಿತು. ಅಣ್ಣಾರಾಯ ಫೋನ್ ಎತ್ತದಿದ್ದರೆ ಮಾರಿಬಿಟ್ಟನೇನೋ ಎಂದು ನಮ್ಮವರಿಗೆ ಬೆವರು. ನಮ್ಮವರು ಜ್ವರ ಬಂದು ಮಲಗಿದರೆ ಗ್ರೂಪ್‌ನಲ್ಲಿ ಅವರಿಗೆಲ್ಲ ಅನುಮಾನ. ಒಬ್ಬ ಮಾರಿದ ಎಂದು ಸುದ್ದಿಯಾದರೆ ಉಳಿದವರ ಎದೆ ಒಡೆಯುತ್ತದೆ, ಇವರು ಹುರಿದುಂಬಿಸಿ ಹಾಕಿಸಿದ ಮಂದಿಯೂ ಮಾರುತ್ತಾರೆ, ನರಿ ಮಣ್ಣಾಗುತ್ತದೆ ಎಂಬುದು ಅವರ ಲೆಕ್ಕ. ಇಡೀ ಜಗತ್ತಿನಲ್ಲಿ ಮಾರುವ ಕಾಯಿನ್‌ನ ಕಡಿವಾಣ ಆಳಂದ ಅಫಜಲಪುರದಲ್ಲಿದೆ ಎಂದುಕೊಂಡಿದ್ದ ಜಾಣರು! ಅಣ್ಣಾರಾಯನೇ ಉಪಾಯ ತೆಗೆದ. ನಿಂಬರ್ಗಾದ ಹೊರಗೆ ಹೊಲಗಳ ನಡುವೆ ಅವನ ಮನೆದೇವರು ಬೀರಪ್ಪನ ಸಣ್ಣ ಗುಡಿ ಇದೆ. ಒಂದು ರವಿವಾರ ನಾಲ್ವರೂ ಅಲ್ಲಿಗೆ ಹೋಗಿ, ನರಿ ಮತ್ತೆ ಹಳೆಯ ಎತ್ತರಕ್ಕೆ ಬರುವವರೆಗೆ ಯಾರೂ ಮಾರುವುದಿಲ್ಲ ಎಂದು ಭಂಡಾರದ ತಟ್ಟೆಯಲ್ಲಿ ಕೈ ಇಟ್ಟರು. ಮನೆಗೆ ಬಂದಾಗ ನಮ್ಮವರ ಅಂಗೈ ಹಳದಿಯಾಗಿತ್ತು, ಮುಖದಲ್ಲಿ ನೆಮ್ಮದಿಯಿತ್ತು.

ಅಂದಿನಿಂದ ಗ್ರೂಪ್‌ನಲ್ಲಿ ಬರೀ ಧೈರ್ಯದ ಮಾತು. ‘ಹಿಡ್ಕೋರಿ’, ‘ಅಂಜಬ್ಯಾಡ್ರಿ’, ‘ಹುಲಿ ಇದ್ದಂಗ ಇರ್ರಿ’. ನಮ್ಮವರೂ ದಿನಾ ಮೊಬೈಲ್‌ನಲ್ಲಿ ನರಿ ಎಷ್ಟಕ್ಕಿದೆ ಎಂದು ನನಗೆ ತೋರಿಸುತ್ತಿದ್ದರು.

ತೊಗರಿ ರಾಶಿಯ ದಿನಗಳಲ್ಲಿ ಸೊಲ್ಲಾಪುರದ ಆಸ್ಪತ್ರೆಯಿಂದ ಫೋನ್ ಬಂತು. ಹೊರಗಿನ ದೊಡ್ಡ ಡಾಕ್ಟರು ಬರುತ್ತಾರೆ, ಮಂಗಳವಾರ ರಾಧಿಕಾಳ ಆಪರೇಷನ್ ಮಾಡಬಹುದು, ಸೋಮವಾರ ಹಣ ಕಟ್ಟಿ ಭರ್ತಿ ಮಾಡಿ ಎಂದರು. ಇದು ತಪ್ಪಿದರೆ ಮುಂದಿನ ಸರದಿ ಯಾವಾಗ ಎಂದು ಕೇಳಿದೆ. ಮಳೆಗಾಲದ ಹೊತ್ತಿಗೆ ಎಂದರು. ಅಷ್ಟರಲ್ಲಿ ಇವಳಿಗೆ ಐದು ದಾಟಿರುತ್ತದೆ. ನಾನು ಫೋನ್ ಇಟ್ಟು ನೇರ ಅಂಗಡಿಗೆ ಹೋದೆ.

“ಮಾರ್ರಿ,” ಎಂದೆ. “ಇವತ್ತ ಮಾರ್ರಿ.”

ನಮ್ಮವರು ತಂತಿಯ ಸುರುಳಿಯಿಂದ ಮುಖ ಎತ್ತಲಿಲ್ಲ. “ಭಂಡಾರ ಮುಟ್ಟೇನಿ, ಶಿವಕಾಂತಾ.”

“ಕೂಸಿನ ಕಿವಿಗಿಂತ ದೊಡ್ಡದೇನ್ರಿ ಅದು?”

“ದೇವರ ಮಾತು. ಮುರಿದ್ರ ಕೂಸಿನ ಮ್ಯಾಲೇ ಬಂದ್ರ ಏನ್ ಮಾಡ್ತಿ?”

ನಮ್ಮದು ಬಸವಣ್ಣನವರನ್ನು ನಂಬಿದ ಮನೆತನ. ಗುಡಿಯ ಆಣೆ ಪ್ರಮಾಣ ನಮ್ಮಲ್ಲಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದರು. ಆದರೆ ಮಗಳನ್ನು ಆಪರೇಷನ್‌ಗೆ ಮಲಗಿಸುವ ತಾಯಿಯ ಎದೆ ಅಷ್ಟು ಗಟ್ಟಿ ಇರುವುದಿಲ್ಲ. ನನಗೂ ಅಂಜಿಕೆಯಾಯಿತು. ನಿಂಬರ್ಗಾದ ಪೂಜಾರಿ ಬೀರಲಿಂಗಪ್ಪನಿಗೆ ಫೋನ್ ಹಚ್ಚಿ, ಕೊಟ್ಟ ಆಣೆ ಬಿಡಿಸಲು ದಾರಿ ಇದೆಯೇ ಎಂದು ಕೇಳಿದೆ.

“ಅದ ತಂಗಿ, ಯಾಕಿಲ್ಲ?” ಎಂದ ಮುದುಕ. “ಮುಟ್ಟಿದವ್ರೆಲ್ಲ ರವಿವಾರ ಬರ್ರಿ. ಮತ್ತೊಮ್ಮೆ ಭಂಡಾರದಾಗ ಕೈ ಇಟ್ಟು, ಇಲ್ಲೀತನಕ ಮಾತಿಗೆ ತಪ್ಪಿಲ್ಲಪಾ, ಇನ್ನ ನಮ್ಮನ್ನ ಬಿಡು ಅಂತ ಕೇಳ್ರಿ. ಬಿಡ್ತಾನ. ಅವ್ನಿಗೂ ಮಕ್ಕಳು ಮರಿ ಗೊತ್ತದ.”

ನನಗೆ ಹೋದ ಜೀವ ಬಂದಂತಾಯಿತು. ನರಿ ಅರ್ಧಕ್ಕಿಳಿದಿದ್ದರೂ ಮೂರು ಪಟ್ಟಿನ ಅರ್ಧ ತಾನೇ? ಆಪರೇಷನ್‌ಗೆ ಧಾರಾಳ ಸಾಲುತ್ತಿತ್ತು. ಫೋನ್‌ನಲ್ಲಿ ಕರೆದರೆ ನೆಪ ಹೇಳುತ್ತಾರೆ, ಮನೆ ಬಾಗಿಲಿಗೇ ಹೋಗೋಣ ಎಂದೆ. ನಮ್ಮವರು ಬೇಡವೆಂದರು, ಬೈಕಿಗೆ ಎಣ್ಣೆ ಇಲ್ಲವೆಂದರು, ಮೋಟರ್ ಅರ್ಜೆಂಟ್ ಕೊಡುವುದಿದೆ ಎಂದರು. ಗೆಳೆಯರ ಮುಂದೆ ಸೋತು ನಿಲ್ಲಲು ಗಂಡಸಿಗೆ ನಾಚಿಕೆ ಎಂದುಕೊಂಡೆ. ಶನಿವಾರ ಬೆಳಗ್ಗೆ ರಾಧಿಕಾಳನ್ನು ನಡುವೆ ಕೂಡಿಸಿಕೊಂಡು ನಾನೇ ಬೈಕ್ ಹತ್ತಿ ಕೂತೆ. ಇನ್ನೇನು ಮಾಡುತ್ತಾರೆ, ಹೊರಟರು.

ಭೂಸನೂರಿನಲ್ಲಿ ಅಣ್ಣಾರಾಯ ಅಂಗಳದಲ್ಲಿ ಲಾರಿಯ ಟೈರು ಬದಲಿಸುತ್ತಿದ್ದ. ಎಲ್ಲವೂ ಹೊಸ ಟೈರು. ನಮ್ಮನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಬಂದ.

“ವೈನಿ, ಈಗ ಮಾರ್ತಾರೇನ್ರಿ? ಈಗ ತಗೊಳ್ಳೂ ಟೈಮ್! ಮುಂದಿನ ತಿಂಗಳದಾಗ ನೋಡ್ರಿ, ಹೆಂಗ ಹಾರ್ತದ.”

“ನೀವು ಮಾರಬ್ಯಾಡ್ರಿ ಅಣ್ಣಾ,” ಎಂದೆ. “ನೀವು ಇಟ್ಕೋರಿ. ನಾಳಿ ನಿಂಬರ್ಗಾಕ್ಕ ಬಂದು ಒಮ್ಮೆ ಭಂಡಾರದಾಗ ಕೈ ಇಡ್ರಿ, ಇವರನ್ನ ಬಿಡಿಸ್ರಿ, ಅಷ್ಟ.”

ಅಣ್ಣಾರಾಯನ ನಗು ಅಲ್ಲೇ ನಿಂತಿತು. ನಮ್ಮವರ ಕಡೆ ನೋಡಿದ. ನಮ್ಮವರು ಬೈಕಿನ ಮೇಲಿಂದ ಇಳಿದೇ ಇರಲಿಲ್ಲ.

“ನಾಳಿ... ನಾಳಿ ಆಗಲ್ರಿ ವೈನಿ. ನಮಗ ಸೂತಕ ಅದ. ಗುಡಿಗಿ ಬರಂಗಿಲ್ಲ.”

ಪಡಸಾಲೆಯಲ್ಲಿ ತೊಗರಿಬೇಳೆ ಕೇರುತ್ತಿದ್ದ ಅವನ ತಾಯಿ ಸುಂದರಬಾಯಿ ಮೊರ ಕೆಳಗಿಟ್ಟರು. “ಯಾರು ಸತ್ತಾರಲೇ ಅಣ್ಣ್ಯಾ?”

“ನಿನಗ ಗೊತ್ತಿಲ್ಲ ಬಿಡಬೇ. ದೂರದವರು.”

“ದೂರದವರಂದ್ರ ಯಾರಲೇ? ನನಗ ಗೊತ್ತಿಲ್ಲದ ನಮ್ಮ ಮಂದಿ ಯಾರದಾರ?”

ಮುದುಕಿ ಕೇಳುತ್ತಲೇ ಇದ್ದರು, ಅವನು ಲಾರಿಯ ಕೆಳಗೆ ನುಸುಳಿದ. ನಮ್ಮವರು ಅಷ್ಟರಲ್ಲಾಗಲೇ ಬೈಕಿಗೆ ಕಿಕ್ ಹೊಡೆದಿದ್ದರು.

ಅಫಜಲಪುರಕ್ಕೆ ಹೋದಾಗ ಬಿಸಿಲು ಏರಿತ್ತು. ಮಹಾದೇವಪ್ಪ ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿ ಕೂತಿದ್ದ. ನಮಗೆ ಚಹಾ ತರಿಸಿದ, ರಾಧಿಕಾಳಿಗೆ ಬಿಸ್ಕತ್ತು ಕೊಟ್ಟ, ಎಲ್ಲ ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಭಾಷಣ ಶುರು ಮಾಡಿದ.

“ವೈನಿ, ನೀವೂ ಲಿಂಗಾಯತರು, ನಾವೂ ಲಿಂಗಾಯತರು. ಈ ಭಂಡಾರ, ಆಣಿ, ಎಲ್ಲ ನಮಗ ಒಪ್ಪೂದಲ್ರಿ. ಅಂದು ದೋಸ್ತಿ ಸಲುವಾಗಿ ಮುಟ್ಟಿದೆ. ಮತ್ತ ಮುಟ್ಟಿ ಅಣ್ಣ ಬಸವಣ್ಣಗ ಎರಡನೇ ಸಲ ದ್ರೋಹ ಮಾಡ್ಲೇನು?”

ನನಗೆ ಸಿಟ್ಟು ನೆತ್ತಿಗೇರಿತು. “ನಂಬಿಕಿ ಇಲ್ಲಂದ್ರ ಮುಟ್ಟಾಕ ಅಂಜಿಕಿ ಯಾಕ್ರಿ? ಅರಿಶಿನ ಅದು, ತೊಳಕೊಂಡ್ರ ಹೋಗ್ತದ. ನಮ್ಮ ಕೂಸಿನ ಸಲುವಾಗಿ ಒಂದ ಸಲ ಕೈ ಇಡ್ರಿ.”

ಮಹಾದೇವಪ್ಪ ಯೂರಿಯಾ ಕೇಳಲು ಬಂದ ರೈತನೊಬ್ಬನನ್ನು ಬಹಳ ದಿನದ ನೆಂಟನಂತೆ ಒಳಗೆ ಕರೆದು ಮಾತಿಗೆ ಕೂತ. ನಾವು ಅಲ್ಲಿ ಇದ್ದೇವೆ ಎಂಬುದನ್ನೇ ಮರೆತಂತೆ ಬೆನ್ನು ತಿರುಗಿಸಿದ. ನಾನು ಚಹಾದ ಕಪ್ಪು ಹಾಗೇ ಬಿಟ್ಟು ಎದ್ದೆ.

ಜೇವರ್ಗಿಯ ದಾರಿಯಲ್ಲಿ ಸೊನ್ನದ ಬ್ಯಾರೇಜ್ ಹತ್ತಿರ ಬುತ್ತಿ ಬಿಚ್ಚಿದೆವು. ಒಂದು ಗೇಟು ತೆರೆದಿತ್ತು. ನೀರು ಬೀಳುವ ಅಬ್ಬರಕ್ಕೆ ನಾವಿಬ್ಬರೂ ಕೂಗಿ ಮಾತಾಡಬೇಕಾಯಿತು. ರಾಧಿಕಾ ಕಂಬಿ ಹಿಡಿದು ನೊರೆಯನ್ನು ನೋಡುತ್ತಾ ನಿಂತಿದ್ದಳು. ಅವಳ ಪಾಲಿಗೆ ಅಷ್ಟು ದೊಡ್ಡ ನೀರು ಸದ್ದಿಲ್ಲದೆ ಬೀಳುತ್ತಿತ್ತು. ದೇವರೇ, ಇವಳಿಗೆ ಈ ಅಬ್ಬರವೊಂದನ್ನು ಕೇಳಿಸಿಬಿಡು, ಬೇರೆ ಏನೂ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗಲೇ ನನಗೆ ಹೊಳೆದದ್ದು. ಒಬ್ಬನಿಗೆ ಇಲ್ಲದ ಸೂತಕ, ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಬಸವಣ್ಣನವರ ನೆನಪು. ಬರೀ ಕೈ ಇಡಲು ಇಷ್ಟೊಂದು ಸಂಕಟ ಯಾಕೆ? ಭಂಡಾರದಲ್ಲಿ ಕೈ ಇಟ್ಟರೆ, ಇಲ್ಲಿಯವರೆಗೆ ಮಾತಿಗೆ ತಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ವಾಟ್ಸಾಪ್‌ನಲ್ಲಿ ಎಷ್ಟು ಬೇಕಾದರೂ ಸುಳ್ಳು ಬರೆಯಬಹುದು, ಅಲ್ಲಿ ಹೇಳಲು ನಮ್ಮ ಕಡೆಯ ಎಂಥ ಗಂಡಿಗೂ ಧೈರ್ಯ ಸಾಲದು.

“ಇವರು ಮಾರ್ಯಾರ!” ಎಂದು ಕೂಗಿದೆ. “ಇಬ್ಬರೂ ಮಾರ್ಯಾರ್ರಿ! ಗ್ರೂಪ್‌ನಾಗ ಹಿಡ್ಕೋರಿ ಹಿಡ್ಕೋರಿ ಅಂತ ನಿಮಗ ಹೇಳಿ, ತಾವು ಹಿಂದಿಂದ ಮಾರ್ಕೊಂಡಾರ!”

ನಮ್ಮವರು ನೀರಿನ ಕಡೆ ಮುಖ ಮಾಡಿ ಕೂತಿದ್ದರು. ಕೇಳಿಸಿತೋ ಇಲ್ಲವೋ ಎಂದು ಹತ್ತಿರ ಹೋಗಿ ಭುಜ ಮುಟ್ಟಿದೆ. ಕಣ್ಣು ತುಂಬಿದ್ದವು. ಆ ಹೊತ್ತು ನನಗೆ ಅವರ ಮೇಲೆ ಬಂದ ಕಕ್ಕುಲಾತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಕಳ್ಳರ ನಡುವೆ ಇವರೊಬ್ಬರೇ ಕೊಟ್ಟ ಮಾತು ಹಿಡಿದು ಕೂತವರು. ಪೆದ್ದರು ನಿಜ, ಆದರೆ ಎಂಥ ನಿಯತ್ತಿನ ಮನುಷ್ಯ ಎಂದುಕೊಂಡೆ. ತಿಂಗಳುಗಟ್ಟಲೆ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ನನ್ನ ಪಾಲಿನ ರೊಟ್ಟಿಯನ್ನೂ ಅವರಿಗೇ ಮುರಿದು ಕೊಟ್ಟೆ. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

“ಇನ್ನ ಜೇವರ್ಗಿಗಿ ಬ್ಯಾಡ, ಮನಿಗಿ ಹೋಗೂಣು,” ಎಂದರು.

“ಬರ್ರಿ, ಅವನ ಮುಖಾನೂ ನೋಡೇ ಹೋಗೂಣು,” ಎಂದೆ.

ದೌಲತರಾಯನ ಅಂಗಡಿಯಲ್ಲಿ ನಾನು ಸುತ್ತು ಬಳಸಿ ಮಾತಾಡಲಿಲ್ಲ. ರಾಧಿಕಾಳನ್ನು ಎತ್ತಿ ಗಾಜಿನ ಕೌಂಟರ್ ಮೇಲೆ ಕೂಡಿಸಿದೆ. “ಇಕಿ ತಲಿ ಮುಟ್ಟಿ ಹೇಳ್ರಿ ಅಣ್ಣಾ, ನಿಮ್ಮ ಕಾಯಿನ್ ಅದಾವೋ, ಮಾರೀರೋ?”

ದೌಲತರಾಯ ಕೂಸಿನ ಮುಖ ನೋಡಿದ. ಕೈ ಎತ್ತಲಿಲ್ಲ. ಸುಳ್ಳು ಹೇಳುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

“ಮಾರೀನ್ರಿ ವೈನಿ.”

“ಯಾವಾಗ?”

“ಭಂಡಾರ ಮುಟ್ಟಿದ ಮರುದಿನಾನೇ.” ಅವನು ತಲೆ ತಗ್ಗಿಸಿದ. “ಎಲ್ಲಾರೂ ಆಣಿ ಮಾಡ್ಯಾರ, ಯಾರೂ ಮಾರಂಗಿಲ್ಲ, ನಾನೊಬ್ಬ ಮಾರಿದ್ರ ಯಾರಿಗೂ ಲುಕ್ಸಾನ್ ಇಲ್ಲ ಅಂತ ಅನಿಸ್ತು. ಆಮ್ಯಾಲ ನೋಡಿದ್ರ ಅಣ್ಣ್ಯಾನೂ ಹಂಗ ಅಂದ್ಕೊಂಡಾನ, ಮಾದೇವನೂ ಹಂಗ ಅಂದ್ಕೊಂಡಾನ. ತಪ್ಪಾತ್ರಿ.”

“ಥೂ ನಿಮ್ಮ!” ಎಂದೆ. ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ನೋಡಲಿ. “ನನ್ನ ಗಂಡ ಒಬ್ಬಾಂವ ನಿಮ್ಮನ್ನ ನಂಬಿ ಕುಂತಾನ. ನಿಮಗೆಲ್ಲ ನಾಚಿಕಿ ಬರಂಗಿಲ್ಲೇನು?”

ದೌಲತರಾಯ ಫಕ್ಕನೆ ತಲೆ ಎತ್ತಿ ಬಾಗಿಲ ಬಳಿ ನಿಂತಿದ್ದ ನಮ್ಮವರನ್ನು ನೋಡಿದ. “ಕಲ್ಲ್ಯಾ, ನೀ...” ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದ. ನಮ್ಮವರು ಹೆಲ್ಮೆಟ್ ಹಾಕಿಕೊಂಡು ಹೊರಗೆ ಹೋದರು. ಗೆಳೆಯನ ಮೋಸ ಕೇಳಿ ಮನಸ್ಸು ಮುರಿದಿರಬೇಕು ಎಂದು ನಾನೂ ಹಿಂದೆಯೇ ಬಂದೆ.

ದಾರಿಯಿಂದಲೇ ಬೀರಲಿಂಗಪ್ಪನಿಗೆ ಫೋನ್ ಮಾಡಿದೆ. ಮೂವರು ಮುರಿದಿದ್ದಾರೆ, ಒಬ್ಬರೇ ಉಳಿದಿದ್ದಾರೆ, ಏನು ಮಾಡಲಿ ಎಂದು ಕೇಳಿದೆ. “ಮುರಿದವ್ರದು ಅವರಿಗಿ ದೇವರಿಗಿ ಬಿಡು ತಂಗಿ,” ಎಂದ. “ಉಳಿದಾಂವ ಒಬ್ಬ ಬಂದು ಕೇಳಿದ್ರ ಸಾಕು.” ಆಳಂದ ಮುಟ್ಟುವವರೆಗೆ ನಾನು ಸೋಮವಾರದ ತಯಾರಿಯನ್ನೇ ಮಾತಾಡಿದೆ. ನಾಳೆ ಗುಡಿಯ ಕಟ್ಟೆಯ ಮೇಲೇ ಕೂತು ಮಾರಿಬಿಡೋಣ, ಎಷ್ಟು ಬರುತ್ತದೋ ಬರಲಿ, ಸೊಲ್ಲಾಪುರದ ಮನೆ ಆಮೇಲೆ ನೋಡೋಣ, ನಾನು ಅಲ್ಲೂ ರೊಟ್ಟಿ ಬಡಿಯುತ್ತೇನೆ ಎಂದೆ. ಅವರು ಬೈಕ್ ಓಡಿಸುತ್ತಿದ್ದರು, ಉತ್ತರ ಕೊಡಲಿಲ್ಲ. ಗಾಳಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ರವಿವಾರ ಬೆಳಗ್ಗೆ ನಿಂಬರ್ಗಾದ ಗುಡಿಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಸುತ್ತ ಕೊಯ್ದು ಒಟ್ಟಿದ ತೊಗರಿ. ಎಲ್ಲೋ ದೂರದ ಹೊಲದಲ್ಲಿ ರಾಶಿಯ ಮಷಿನ್ ಓಡುತ್ತಿತ್ತು. ನಾನು ತಲೆಗೆ ಎರೆದುಕೊಂಡು ಒಳ್ಳೆಯ ಸೀರೆ ಉಟ್ಟು ಬಂದಿದ್ದೆ. ರಾಧಿಕಾಳಿಗೂ ಹೊಸ ಫ್ರಾಕು ಹಾಕಿದ್ದೆ. ಬೀರಲಿಂಗಪ್ಪ ಕಂಬಳಿ ಹೊದ್ದು ಹಿತ್ತಾಳೆ ತಟ್ಟೆಯ ತುಂಬ ಭಂಡಾರ ಹಾಕಿಕೊಂಡು ಬಂದು ನಮ್ಮವರ ಮುಂದೆ ಹಿಡಿದ.

“ಕೈ ಇಡಪಾ. ಇಲ್ಲೀತನಕ ಮಾತಿಗೆ ತಪ್ಪಿಲ್ಲ, ಕೂಸಿನ ಸಲುವಾಗಿ ಬಿಡು ಅಂತ ಕೇಳು.”

ನಮ್ಮವರು ಕೈ ಎತ್ತಲಿಲ್ಲ.

ಮಡಿಯಿಲ್ಲವೆಂದು ಹಿಂಜರಿಯುತ್ತಿದ್ದಾರೇನೋ ಎಂದುಕೊಂಡೆ. ಚೊಂಬಿನ ನೀರು ಮುಂದೆ ಮಾಡಿದೆ. ತೆಗೆದುಕೊಳ್ಳಲಿಲ್ಲ. ಎರಡೂ ಕೈ ಪ್ಯಾಂಟಿಗೆ ಅಂಟಿದಂತೆ ನಿಂತಿದ್ದವು. “ಇಡ್ರಿ,” ಎಂದೆ. “ಹೊತ್ತಾಗ್ತದ, ಇಡ್ರಿ.” ಬೀರಲಿಂಗಪ್ಪ ಇನ್ನೊಮ್ಮೆ ತಟ್ಟೆ ಮುಂದೆ ಮಾಡಿದ. ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದರು. ತಟ್ಟೆಯಲ್ಲಿ ಬೆಂಕಿ ಇದ್ದಂತೆ ಸರಿದರು.

ಭೂಸನೂರಿನ ಅಂಗಳ ನನ್ನ ಕಣ್ಣ ಮುಂದೆ ಬಂತು. ಬೈಕಿನಿಂದ ಇಳಿಯದೆ ಕೂತದ್ದು. ಅಣ್ಣಾರಾಯ ಸೂತಕ ಎಂದ ಕೂಡಲೇ ಕಿಕ್ ಹೊಡೆದದ್ದು. ಜೇವರ್ಗಿ ಬೇಡ ಎಂದದ್ದು.

“ಯಾವಾಗ?” ಎಂದೆ. ಅದು ನನ್ನ ದನಿಯಂತೆ ಇರಲಿಲ್ಲ.

“ದಸರಾಕ್ಕಿಂತ ಮದ್ಲ.”

“ರೊಕ್ಕ ಎಲ್ಲಿ?”

“ಭಾಳ ಬಿದ್ದಿತ್ತು, ಅಂಜಿ ಮಾರಿದೆ. ಹೋದದ್ದು ತುಂಬಿ ತರಬೇಕಂತ ಇನ್ನೊಂದು ಕಾಯಿನ್‌ನಾಗ ಹಾಕಿದೆ, ಶಿವಕಾಂತಾ. ನಮ್ಮ ರೊಕ್ಕದ ಮ್ಯಾಲ ಆ್ಯಪಿನವರೇ ಸಾಲ ಕೊಟ್ಟು ಹಾಕಸ್ತಾರ. ಏರಿದ್ರ ಹತ್ತು ಪಟ್ಟು ಅಂದ್ರು. ಸ್ವಲ್ಪೇ ಇಳೀತು, ಸಾಲಕ್ಕಂತ ನಮ್ಮ ರೊಕ್ಕಾನೂ ಮುರ್ಕೊಂಡ್ರು, ಎಲ್ಲಾ ಹೋತು. ಒಂದ ಮಧ್ಯಾಹ್ನದಾಗ.”

“ದಿನಾ ಮೊಬೈಲ್ ತೋರಿಸ್ತಿದ್ರಲ್ಲ?”

“ಅದು ಬರೇ ರೇಟು. ಎಲ್ಲಾರಿಗೂ ಕಾಣ್ತದ.”

ನಾನು ರಾಧಿಕಾಳನ್ನು ತೊಡೆಯ ಮೇಲೆ ಎಳೆದುಕೊಂಡು ಗುಡಿಯ ಕಟ್ಟೆಯ ಮೇಲೆ ಕೂತೆ. ನಾಳೆ ಸೊಲ್ಲಾಪುರದಲ್ಲಿ ನಮ್ಮ ಹೆಸರು ಕೂಗುತ್ತಾರೆ, ನಾವು ಇರುವುದಿಲ್ಲ, ಇನ್ನೊಂದು ಕೂಸನ್ನು ಒಳಗೆ ಕರೆಯುತ್ತಾರೆ. ಇಷ್ಟೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಬೀರಲಿಂಗಪ್ಪ ತಟ್ಟೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ದೇವರ ಕಡೆ ತಿರುಗಿ ನಿಂತ.

ರಾಧಿಕಾ ನನ್ನ ತೊಡೆಯಿಂದ ಇಳಿದು ತಟ್ಟೆಯ ಹತ್ತಿರ ಹೋದಳು. ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಭಂಡಾರದಲ್ಲಿ ಇಟ್ಟಳು. ಹಳದಿಯಾದ ಅಂಗೈಗಳನ್ನು ಎತ್ತಿ ನನಗೆ ತೋರಿಸಿ ನಕ್ಕಳು, ಅಪ್ಪನಿಗೂ ತೋರಿಸಿದಳು. ಅವನು ಮುಖ ಮುಚ್ಚಿಕೊಂಡು ನಿಂತಿದ್ದ.

ಅವನ ಜೇಬಿನಲ್ಲಿ ಮೊಬೈಲ್ ಟಿಂಗ್ ಎಂದಿತು. ಗ್ರೂಪ್‌ನದೇ ಸದ್ದು, ನನಗೆ ಗುರುತಿತ್ತು. ಅಣ್ಣಾರಾಯ ಬೆಳಗಿನ ಧೈರ್ಯ ಕಳಿಸಿರಬೇಕು. ಬೀರಲಿಂಗಪ್ಪ ತಿರುಗಿ ನೋಡಿದ. ನಾನು ನೋಡಿದೆ. ಅವನೂ ಮುಖದಿಂದ ಕೈ ತೆಗೆದು ಜೇಬಿನ ಕಡೆ ನೋಡಿದ.

ರಾಧಿಕಾ ನೋಡಲಿಲ್ಲ. ಅವಳು ಮತ್ತೆ ತಟ್ಟೆಗೆ ಕೈ ಹಾಕಿ ಭಂಡಾರ ಕಲಸುತ್ತಿದ್ದಳು.